ಬೋಣಿ ಫೋಟೋದ ಜಾತಕ

"ಬರ್ರಿ ಅಕ್ಕಾರ, ಕೂಡ್ರಿ. ಯಾವ ಸೈಜ್ ಬೇಕಾಗಿತ್ರಿ? ಪಾಸ್‌ಪೋರ್ಟೋ, ಸ್ಟಾಂಪೋ?"

ಮೃತ್ಯುಂಜಯ ಬಳಿಗಾರರು ಕಟ್ಟಿಕೊಂಡ ಹೆಂಡತಿಯನ್ನು ಹೀಗೆ ಕೇಳುವುದು ಈಗ ದಿನನಿತ್ಯದ ಮಾತಾಗಿತ್ತು. ಕಸ್ತೂರಿ ಕೈಚೀಲ ಕೆಳಗಿಟ್ಟು ಅವರೆದುರು ಕೂತು, "ಪಾಸ್‌ಪೋರ್ಟ್ ಇರಲಿ ರೀ" ಎಂದಳು. ಮೊದಮೊದಲು "ನಾನ್ರೀ, ನಿಮ್ಮ ಕಸ್ತೂರಿ" ಎಂದು ಹೇಳಿ ನೋಡಿದ್ದಳು. ಆಗ ಅವರ ಮುಖದಲ್ಲಿ ಕಾಣುತ್ತಿದ್ದ ಮುಜುಗರ, ಗುರುತಿಲ್ಲದ ಹೆಂಗಸು ಸಲಿಗೆಯಿಂದ ಮಾತಾಡಿಸಿದಾಗ ಮರ್ಯಾದಸ್ಥ ಗಂಡಸಿಗೆ ಆಗುವಂಥದ್ದು. ಅದನ್ನು ನೋಡಲಾರದೆ ಅವಳು ಗಿರಾಕಿಯಾಗಿಬಿಟ್ಟಳು. ಗಿರಾಕಿ ಎಂದರೆ ಅವರು ಕನಿಷ್ಠ ನಗುತ್ತಿದ್ದರು.

ಗದಗಿನ 'ಬಳಿಗಾರ ಡಿಜಿಟಲ್ಸ್' ಹೆಸರು ಕೇಳದ ಕಲ್ಯಾಣಮಂಟಪ ಆ ಸುತ್ತಿನಲ್ಲಿ ಇರಲಿಲ್ಲ. ಹೋದ ಮಳೆಗಾಲದಲ್ಲಿ ಬಳಿಗಾರರಿಗೆ ಮಿದುಳು ಜ್ವರ ಬಂತು. ಅದು ಜೀವವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಗುಡಿಸಿಕೊಂಡು ಹೋಯಿತು. ಕೈ ಕಲಿತದ್ದು ಮಾತ್ರ ಕೈಯಲ್ಲೇ ಉಳಿದಿತ್ತು. ಚಮಚ ಹಿಡಿದರೂ ತೋರುಬೆರಳು ಶಟರ್ ಹುಡುಕುತ್ತಿತ್ತು. ಕಿಟಕಿಯ ಬೆಳಕು ನೋಡಿ ನರ್ಸಿಗೆ "ಒಂಚೂರು ಬಲಕ್ಕ ಸರಕೋರಿ, ಮಾರಿ ಮ್ಯಾಲೆ ನೆರಳ ಬಿದ್ದೈತಿ" ಎನ್ನುತ್ತಿದ್ದರು. ಆದರೆ ಯಾವ ಊರು, ಯಾವ ವರ್ಷ, ಎದುರಿಗಿರುವವರು ಯಾರು, ಒಂದೂ ಗೊತ್ತಿರಲಿಲ್ಲ. ಮಕ್ಕಳಿಲ್ಲದ ಮನೆ. ಅವರಿಗೆ ಅವಳು, ಅವಳಿಗೆ ಅವರು ಎಂದುಕೊಂಡು ಇಷ್ಟು ವರ್ಷ ಕಳೆದಿದ್ದರು. ಕಸ್ತೂರಿಗೆ ಈಗ ಬೇಕಾಗಿದ್ದದ್ದು ಒಂದೇ. ಕಣ್ಣು ಮುಚ್ಚುವುದರೊಳಗೆ ಒಮ್ಮೆಯಾದರೂ ಅವರು ತನ್ನನ್ನು ಹೆಸರು ಹಿಡಿದು ಕರೆಯಬೇಕು.

ಅದಕ್ಕೇ ಅವರನ್ನು ಧಾರವಾಡದ ಒಂದು ಸ್ಮೃತಿ ಚಿಕಿತ್ಸಾ ಕೇಂದ್ರಕ್ಕೆ ಕರೆತಂದಿದ್ದಳು. ಅಲ್ಲೊಂದು ಯಂತ್ರವಿತ್ತು. ಕಾಗದದ ಮೇಲೆ ಅದಕ್ಕೆ ಬಾಯಿ ತುಂಬುವಂಥ ಸಂಸ್ಕೃತದ ಹೆಸರಿದ್ದರೂ ರೋಗಿಗಳ ಮನೆಯವರೆಲ್ಲ 'ಖೋಲಿ' ಎಂದೇ ಕರೆಯುತ್ತಿದ್ದರು. ನೋಡಲಿಕ್ಕೂ ಅದು ಬರೀ ಒಂದು ಖೋಲಿಯೇ. ಬಿಳಿ ಗೋಡೆ, ನಡುವೆ ಒಂದು ಕುರ್ಚಿ, ತಲೆಗೆ ಹಾಕುವ ತೆಳ್ಳನೆಯ ಪಟ್ಟಿ.

"ಮಿದುಳು ಒಂದ ನೆನಪ ಕಟ್ಟಿಡೂ ಮುಂದ ಮೊದಲ ಎಲ್ಲೆ, ಯಾವಾಗ, ಎಷ್ಟು ಬೆಳಕಿನ್ಯಾಗ ಅನ್ನೂದನ್ನ ಗಂಟ ಹಾಕಿಕೋತೈತ್ರಿ" ಎಂದು ಡಾಕ್ಟರ್ ನಸ್ರೀನ್ ಸವಣೂರ ವಿವರಿಸಿದ್ದರು. ಐವತ್ತರ ಹತ್ತಿರದ ಹೆಣ್ಣುಮಗಳು. ಮಾತಾಡುವಾಗ ಕನ್ನಡಕವನ್ನು ಹಣೆಗೇರಿಸಿಕೊಂಡು, ಆಮೇಲೆ ಅದನ್ನೇ ಮೇಜಿನ ಮೇಲೆ ಹುಡುಕುವ ಅಭ್ಯಾಸ ಅವರದು. "ನಾವು ಆ ಗಂಟನ್ನ ಮತ್ತ ಕಟ್ಟತೀವಿ. ಹಳೇ ಫೋಟೋ ತೊಗೊಂಡು, ಆ ಕ್ಷಣದಾಗ ಅಲ್ಲೆ ಬೆಳಕ ಎಷ್ಟಿತ್ತು, ಎತ್ತಾಗಿಂದ ಬರತಿತ್ತು, ಥಂಡಿ ಇತ್ತೋ ಬಿಸಲ ಇತ್ತೋ, ಎಲ್ಲಾ ಹಂಗಂದ್ರ ಹಂಗ ಈ ಖೋಲ್ಯಾಗ ಎಬ್ಬಸ್ತೀವಿ. ಪೇಷಂಟ್ ಕೂಡೂದು ಕ್ಯಾಮೆರಾ ಇದ್ದ ಜಾಗದಾಗ. ಸರಿಹೊಂದಿದ್ರ ಗಂಟ ತಾನ ಬೀಳತೈತಿ."

ಇಷ್ಟಕ್ಕೆಲ್ಲ ಬೇಕಾದ ಲೆಕ್ಕ ಪ್ರತಿ ಡಿಜಿಟಲ್ ಫೋಟೋದ ಹೊಟ್ಟೆಯಲ್ಲೇ ಇರುತ್ತದೆ. ತೆಗೆದ ಹೊತ್ತು, ಲೆನ್ಸು, ಶಟರು ತೆರೆದುಕೊಂಡಿದ್ದ ಕಾಲ, ಎದುರಿಗಿದ್ದವರ ದೂರ, ಒಳ್ಳೆಯ ಕ್ಯಾಮೆರಾ ಆಗಿದ್ದರೆ ನಿಂತ ಜಾಗ. ಓದಿದವರು ಅದನ್ನು ಮೆಟಾಡೇಟಾ ಎನ್ನುತ್ತಾರೆ. ಗದಗಿನ ಸ್ಟುಡಿಯೋದವರು 'ಫೋಟೋದ ಜಾತಕ' ಎನ್ನುತ್ತಿದ್ದರು. ಹುಟ್ಟಿದ ಹೊತ್ತು, ಹುಟ್ಟಿದ ಸ್ಥಳ ಎಲ್ಲ ಅದರಲ್ಲೇ ಇರುವಾಗ ಇನ್ನೇನೆಂದು ಕರೆಯುವುದು!

ಬಳಿಗಾರರು ಫೋಟೋಗ್ರಾಫರ್ ಎಂದು ತಿಳಿದಾಗ ನಸ್ರೀನ್ ಕುಣಿಯುವುದೊಂದು ಬಾಕಿ. "ಬ್ಯಾರೆ ಪೇಷಂಟ್ ಅಂದ್ರ ಫೋಟೋ ತೆಗದವರ ಯಾರೋ, ಅದರಾಗಿದ್ದವರ ಯಾರೋ. ನಿಮ್ಮ ಯಜಮಾನ್ರು ತಾವು ಕಣ್ಣಾರೆ ಕಂಡದ್ದನ್ನ ತಾವ ತೆಗದಾರ. ಇಂಥಾ ಪೇಷಂಟ್ ನಮಗ ಸಿಕ್ಕೇ ಇಲ್ರಿ. ಎಲ್ಲಾ ಡಿಸ್ಕ್ ತೊಗೊಂಡ ಬರ್ರಿ."

ಕಸ್ತೂರಿ ಎಲ್ಲವನ್ನೂ ಹೊತ್ತು ತಂದಳು. ಅವುಗಳನ್ನು ಯಂತ್ರಕ್ಕೆ ಹಾಕಿ ನೋಡಿದ ನಸ್ರೀನ್ ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡರು. "ಅಕ್ಕಾರ, ಇಷ್ಟು ಸಾವಿರ ಫೋಟೋ ಅದಾವು. ಒಂದಕ್ಕೂ ಜಾತಕ ಇಲ್ಲಲ್ರಿ!"

ಜಾತಕ ಎಲ್ಲಿ ಹೋಯಿತೆಂದು ಕಸ್ತೂರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಅಳಿಸಿದವಳು ಅವಳೇ.

ಫೋಟೋ ತೆಗೆಯುವುದು ಅವರ ಕೆಲಸ, ಕಂಪ್ಯೂಟರಿನ ಮುಂದೆ ಕೂತು ತಿದ್ದಿ ಆಲ್ಬಮ್ ಮಾಡುವುದು ಅವಳದು. ಗದಗ, ರೋಣ, ಮುಂಡರಗಿಯ ಮದುಮಕ್ಕಳನ್ನೆಲ್ಲ ಒಂದೆರಡು ಸುತ್ತು ಬೆಳ್ಳಗೆ ಮಾಡಿದ್ದು ಅವಳ ಮೌಸು. ಜಾತಕ ಅಳಿಸುವ ರೂಢಿ ಶುರುವಾದದ್ದು ಒಂದು ಮದುವೆಯಿಂದ. ಮದುಮಗನ ಸೋದರಮಾವ ಯಾರೋ ಚಹಾ ಕೊಡಲಿಲ್ಲವೆಂದು ಸಿಟ್ಟಾಗಿ ಬಸ್‌ಸ್ಟ್ಯಾಂಡಿಗೆ ಹೋಗಿ ಕೂತ. ಅವನ ಕೈಕಾಲು ಹಿಡಿದು ಕರೆತರುವಷ್ಟರಲ್ಲಿ ಮುಹೂರ್ತ ಮೀರಿತ್ತು. ಹಾಗೆಯೇ ತಾಳಿ ಕಟ್ಟಿಸಿದರು, ಅಕ್ಷತೆ ಬಿತ್ತು, ಹೋಳಿಗೆ ಊಟವಾಯಿತು. ಗಡಿಯಾರ ಯಾರೂ ನೋಡಲಿಲ್ಲ. ಕ್ಯಾಮೆರಾ ನೋಡಿತ್ತು. ವರ್ಷದೊಳಗೆ ಅತ್ತೆಗೂ ಸೊಸೆಗೂ ಹೊಂದದೆ ಹೋದಾಗ, ಮನೆಯ ಯಾರೋ ಜಾಣ ಫೋಟೋದ ಜಾತಕ ತೆರೆದು ತಾಳಿ ಬಿದ್ದ ಹೊತ್ತನ್ನು ಓದಿ ಹೇಳಿದ. ಎರಡೂ ಕಡೆಯವರು ಸ್ಟುಡಿಯೋದ ಮುಂದೆ ನಿಂತು ಬಾಯಿ ಮಾಡಿದ್ದನ್ನು ಇಡೀ ಓಣಿ ನೋಡಿತು.

ಅಂದಿನಿಂದ ಬಳಿಗಾರರು ಅಕ್ಷತೆ ಬೀಳುವ ಮೊದಲು ಕ್ಯಾಮೆರಾದ ಗಡಿಯಾರವನ್ನು ಲಗ್ನಪತ್ರಿಕೆಯ ಹೊತ್ತಿಗೆ ತಿರುಗಿಸಿಬಿಡುತ್ತಿದ್ದರು. ಮನೆಗೆ ಬಂದ ಮೇಲೆ ಗೋಡೆಯ ಗಡಿಯಾರ ನೋಡಿ ಮತ್ತೆ ಸರಿ ಮಾಡುತ್ತಿದ್ದರು. ಬಳಿಗಾರರು ತೆಗೆದ ಮದುವೆಯಲ್ಲಿ ಮುಹೂರ್ತ ತಪ್ಪುವುದಿಲ್ಲ ಎಂದು ಊರಲ್ಲಿ ಮಾತಾಯಿತು. ಇತ್ತ ಕಸ್ತೂರಿ ಮತ್ತೂ ಒಂದು ಹೆಜ್ಜೆ ಮುಂದೆ. ತಿದ್ದಿದ ಫೋಟೋ ಸೇವ್ ಮಾಡುವಾಗ 'ವಿವರ ಅಳಿಸು' ಎಂಬ ಗುಂಡಿ ಒತ್ತಿ, ಡಿಸ್ಕ್ ತುಂಬಬಾರದೆಂದು ಮೂಲದ ಮೇಲೇ ಸೇವ್ ಮಾಡುತ್ತಿದ್ದಳು. ಜಾತಕವೂ ಇಲ್ಲ, ಜಗಳವೂ ಇಲ್ಲ. ಎಷ್ಟೋ ವರ್ಷ ಆ ಗುಂಡಿಯನ್ನು ಅವಳ ಬೆರಳು ಕಣ್ಣಿನ ಸಹಾಯವಿಲ್ಲದೆ ಒತ್ತಿತ್ತು.

ಹುಡುಕಿದಾಗ ಕೆಲವು ಫೋಟೋ ಸಿಕ್ಕವು. ಅವಳಿಗೆ ಟೈಫಾಯ್ಡ್ ಆಗಿದ್ದಾಗ ಹೊರಗೆ ಕೊಟ್ಟು ಮಾಡಿಸಿದ ಒಂದು ಮದುವೆಯವು. ಅವುಗಳ ಜಾತಕ ಉಳಿದಿತ್ತು. ಅದರ ಹೊತ್ತು ಮಾತ್ರ ಮುಹೂರ್ತದ ಹೊತ್ತು. ಇದನ್ನು ಡಾಕ್ಟರರಿಗೆ ಹೇಳಬೇಕೆಂದು ಕಸ್ತೂರಿ ಬಾಯಿ ತೆರೆದಳು. ಸ್ಟುಡಿಯೋದ ಮಾನ ಅಡ್ಡ ಬಂತು. ನಾಲ್ಕೈದು ತಾಸಿನ ಹೆಚ್ಚುಕಡಿಮೆ, ಅಷ್ಟರಿಂದ ಏನಾದೀತು ಎಂದುಕೊಂಡು ಸುಮ್ಮನಾದಳು.

ಏನಾಯಿತೆಂಬುದನ್ನು ಮರುದಿನ ಕಂಟ್ರೋಲ್ ರೂಮಿನ ಗಾಜಿನ ಹಿಂದೆ ನಿಂತು ನೋಡಿದಳು. ಖೋಲಿಯ ಗೋಡೆಗಳ ಮೇಲೆ ಮಂಟಪ ಎದ್ದಿತು. ಹೂವಿನ ಹಂದರ, ಹಳದಿ ಪಟಗಾ ಸುತ್ತಿದ ತಲೆಗಳು, ಮೇಲೆತ್ತಿದ ಕೈಗಳು. ಯಂತ್ರ ಜಾತಕ ನಂಬಿ ಮೂಡಣ ಕಿಟಕಿಯಿಂದ ಎಳೆಬಿಸಿಲು ಸುರಿಸಿತು. ಫೋಟೋದೊಳಗಿನ ನೆರಳುಗಳು ನೆತ್ತಿಯ ಮೇಲಿನ ಸೂರ್ಯನವು. ಮೂವತ್ತು ವರ್ಷ ಬೆಳಕನ್ನೇ ನೋಡಿ ಅನ್ನ ತಿಂದ ಮನುಷ್ಯ ಕುರ್ಚಿಯಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿದರು. ಆಮೇಲೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು "ಬಂದ್ ಮಾಡ್ರಿ! ಇದು ಸುಳ್ಳ ಐತಿ, ಬಂದ್ ಮಾಡ್ರಿ!" ಎಂದು ಕೂಗತೊಡಗಿದರು. ಹೊರಗೆ ಕರೆತಂದ ಮೇಲೂ ಕಣ್ಣಿನಿಂದ ಕೈ ತೆಗೆಯಲಿಲ್ಲ. ಅವತ್ತು ಅವರು ಕಸ್ತೂರಿಗೆ ಯಾವ ಸೈಜು ಎಂದೂ ಕೇಳಲಿಲ್ಲ.

ಕಸ್ತೂರಿ ಅಳುತ್ತ ಮುಹೂರ್ತದ ಕಥೆ ಹೇಳಿದಳು. ನಸ್ರೀನ್ ಬೈಯಲಿಲ್ಲ. "ಮೊದಲ ಹೇಳಬೇಕಿತ್ರಿ ಅಕ್ಕಾರ" ಎಂದರು. "ಸುಳ್ಳ ಹೊತ್ತು ಕೊಟ್ರ ಮಿದುಳು ಇಡೀ ಖೋಲೀನ ನಂಬೂದು ಬಿಡತೈತಿ. ಇನ್ನೊಮ್ಮೆ ಹಿಂಗಾದ್ರ ನಾ ಅವರಿಗೆ ಕೈ ಹಚ್ಚೂದಿಲ್ಲ. ಒಂದ, ಒಂದ ಖರೇ ಜಾತಕದ ಫೋಟೋ ಬೇಕ್ರಿ. ಇದ್ರ ತರ್ರಿ, ಇಲ್ಲಂದ್ರ ಮನಿಗೆ ಕರಕೊಂಡ ಹೋಗ್ರಿ."

ಮನೆಗೇ ಕರೆದುಕೊಂಡು ಹೋದಳು. ಗದಗಿನ ಮನೆ ಅವರಿಗೆ ಯಾರದೋ ಮನೆ. ಒಳಗೆ ಬರುವಾಗ ಚಪ್ಪಲಿ ಕೈಯಲ್ಲಿ ಹಿಡಿದು, "ಇಲ್ಲೇ ಬಿಡಲ್ರೀ?" ಎಂದು ಕೇಳಿದರು. ಕಸ್ತೂರಿ ಅಡುಗೆಮನೆಗೆ ಹೋಗಿ ಕೊತ್ತಂಬರಿ ಹೆಚ್ಚುತ್ತ ತನ್ನ ಬೆರಳುಗಳನ್ನೇ ನೋಡಿದಳು. ಊರ ಜನರ ಮುಹೂರ್ತ ಕಾಯುವುದಕ್ಕೆ ಹೋಗಿ ತನ್ನ ಗಂಡನ ನೆನಪಿನ ಬೇರನ್ನೇ ಕಿತ್ತುಬಿಟ್ಟೆನಲ್ಲ ಎಂದುಕೊಂಡಳು.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಕಾಯಿಪಲ್ಲೆ ಮಾರುವವಳು ಬಾಗಿಲಲ್ಲಿ ಬುಟ್ಟಿ ಇಳಿಸಿದಳು. ಕಸ್ತೂರಿ ಏನೂ ಬೇಡವೆಂದಳು.

"ಹಂಗನಬ್ಯಾಡ್ರಿ ಅಕ್ಕಾರ. ಒಂದ ಸಿವುಡ ಮೆಂತ್ಯೆರ ತೊಗೋರಿ. ನಿಮ್ಮ ಕೈಲೇ ಬೋಣಿ ಆಗಲಿ."

ಮೆಂತ್ಯೆ ಹಿಡಿದ ಕೈ ಹಾಗೇ ನಿಂತಿತು. ಕಸ್ತೂರಿ ಒಳಗೆ ಓಡಿದಳು. ಕಾಯಿಪಲ್ಲೆಯವಳು "ರೊಕ್ಕಾರೀ!" ಎಂದು ಕೂಗುತ್ತ ಬಾಗಿಲಲ್ಲೇ ಉಳಿದಳು.

ಮದುವೆಯ ಕೆಲಸಕ್ಕೆ ಹೊರಟ ಪ್ರತಿ ಬೆಳಿಗ್ಗೆಯೂ ಬಳಿಗಾರರು ಹೊಸ್ತಿಲು ದಾಟಿ, ಬೀದಿಯಲ್ಲಿ ನಿಂತು, ತಿರುಗಿ, ದಿನದ ಮೊದಲ ಫೋಟೋ ಎಂದು ಬಾಗಿಲಲ್ಲಿದ್ದ ಕಸ್ತೂರಿಯದನ್ನು ತೆಗೆಯುತ್ತಿದ್ದರು. "ಒಂದ ಬೋಣಿ. ಈ ಕಡೆ ನೋಡ." ಬೋಣಿ ಚೆನ್ನಾಗಿ ಬಿದ್ದರೆ ಆ ದಿನ ಯಾರೂ ಕಣ್ಣು ಮುಚ್ಚುವುದಿಲ್ಲ ಎಂಬುದು ಅವರ ನಂಬಿಕೆ. ಕಸ್ತೂರಿಗೆ ಅದು ದೊಡ್ಡ ಕಿರಿಕಿರಿ. ತಲೆಗೆ ಟವೆಲ್ಲು, ಕೈಯಲ್ಲಿ ಚಹಾ ಸೋಸುವ ಜಾಲರಿ, ನಿದ್ದೆ ಬಿಡದ ಮುಖ. "ಈ ಮಾರಿ ತೊಗೊಂಡು ಏನ್ಮಾಡ್ತೀರಿ? ಹೋಗ್ರಿ, ಹೊತ್ತಾತು." ಆದರೆ ಬೋಣಿ ಅಳಿಸಿದರೆ ಕೇಡು ಎಂದು ಅವರು ಹಟ ಹಿಡಿದಿದ್ದರಿಂದ, ಅವಳು ಅದನ್ನು ತಿದ್ದುವ ಗೋಜಿಗೂ ಹೋಗದೆ, ಕಣ್ಣು ಮುಚ್ಚಿದವರ, ತಲೆ ತುಂಡಾದವರ ಫೋಟೋಗಳ ಜೊತೆ 'ವೇಸ್ಟ್' ಎಂಬ ಫೋಲ್ಡರಿಗೆ ಎಸೆದುಬಿಡುತ್ತಿದ್ದಳು.

ಹಳೆಯ ಕಂಪ್ಯೂಟರು ಎದ್ದು ಕೂರಲಿಕ್ಕೆ ಬಹಳ ಹೊತ್ತು ತೆಗೆದುಕೊಂಡಿತು. 'ವೇಸ್ಟ್' ಅಲ್ಲೇ ಇತ್ತು. ಅವಳು ಜೀವಮಾನದಲ್ಲಿ ಮೊದಲ ಸಲ 'ವಿವರ ಅಳಿಸು' ಗುಂಡಿಯ ಪಕ್ಕದ 'ವಿವರ ತೋರಿಸು' ಒತ್ತಿದಳು. ಹೊತ್ತು, ಲೆನ್ಸು, ಶಟರು, ದೂರ, ಎಲ್ಲ ಸಾಲಾಗಿ ಬಂದು ನಿಂತವು. ಮನೆಯ ಗಡಿಯಾರಕ್ಕೆ ಹೊಂದಿಸಿದ, ಮಂಟಪ ಇನ್ನೂ ನೋಡದ ಹೊತ್ತು. ಚಂದ ಮಾಡಿದ ಸಾವಿರಾರು ಫೋಟೋ ಮೂಕವಾಗಿದ್ದವು. ಯಾರೂ ಮುಟ್ಟದ ಈ ಕಸದಲ್ಲಿ ಒಂದೊಂದು ಬೆಳಗೂ ಇದ್ದ ಹಾಗೇ ಕೂತಿತ್ತು.

ಕಸ್ತೂರಿ ಮೆಂತ್ಯೆಯ ರೊಕ್ಕ ಕೊಟ್ಟು, ಇನ್ನೆರಡು ಸಿವುಡು ಜಾಸ್ತಿ ತೆಗೆದುಕೊಂಡಳು.

ಧಾರವಾಡಕ್ಕೆ ಮರಳಿದ ಮೇಲೆ ಮೊದಲು ಹಚ್ಚಿದ್ದು ಮದುವೆಯಾದ ಹೊಸತರ ಒಂದು ಬೋಣಿ. ಖೋಲಿಯಲ್ಲಿ ಅವರ ಬೀದಿ ಎದ್ದಿತು, ನೀಲಿ ಬಣ್ಣದ ಬಾಗಿಲು ಎದ್ದಿತು, ಬೇಸಿಗೆಯ ಮುಂಜಾವಿನ ಮೆತ್ತನೆಯ ಬೆಳಕು ಓರೆಯಾಗಿ ಬಿತ್ತು. ಬಾಗಿಲಲ್ಲಿ ಟವೆಲ್ಲು ಸುತ್ತಿಕೊಂಡು ಜಾಲರಿ ಹಿಡಿದ ಹುಡುಗಿ. ಕುರ್ಚಿಯಲ್ಲಿದ್ದ ಬಳಿಗಾರರು ಅಲುಗಾಡಲಿಲ್ಲ. ಆಮೇಲೆ ನಿಧಾನವಾಗಿ ಎರಡೂ ಕೈ ಮೇಲೆದ್ದವು. ಇಲ್ಲದ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು, ತೋರುಬೆರಳು ಒತ್ತಿ, "ಚಾ ಸೋಸಿಡು ಕಸ್ತೂರಿ, ಬಂದ ಕುಡೀತೀನಿ" ಎಂದರು.

ಗಾಜಿನ ಈಚೆ ನಸ್ರೀನ್ ಕಸ್ತೂರಿಯ ರಟ್ಟೆ ಗಟ್ಟಿಯಾಗಿ ಹಿಡಿದುಕೊಂಡರು. ಇಬ್ಬರ ಕಣ್ಣೂ ಒದ್ದೆಯಾಗಿದ್ದವು. ದೀಪ ಹತ್ತಿದ ಮೇಲೆ ಕಸ್ತೂರಿ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

"ಬರ್ರಿ ಅಕ್ಕಾರ, ಕೂಡ್ರಿ" ಎಂದರು ಬಳಿಗಾರರು. "ನಮ್ಮ ಮನಿಯಾಕಿ ಚಾ ಮಾಡಾಕತ್ತಾಳ, ಕುಡದ ಹೋಗೀರಂತ."

ಹೆಸರು ಬಂದಿತ್ತು. ಬಂದದ್ದು ಗೋಡೆಯ ಮೇಲಿನ ಹುಡುಗಿಗೆ. ಈ ನರೆತ ಕೂದಲಿನ ಹೆಂಗಸು ಇನ್ನೂ ಗಿರಾಕಿಯೇ.

"ಒಂದ ಮುಂಜಾನಿಯಿಂದ ಇವತ್ತಿನ ತನಕ ಜಿಗಿಯೂದು ಆಗೂದಿಲ್ರಿ" ಎಂದರು ನಸ್ರೀನ್. "ಒಂದೊಂದ ಗಂಟು ಕಟ್ಟಕೋತ ಮುಂದ ಬರಬೇಕು."

ಹಾಗೆ ಬಳಿಗಾರರು ಒಂದೊಂದು ಬೆಳಗನ್ನು ದಾಟುತ್ತ ಬಂದರು. ಖೋಲಿಯಿಂದ ಹೊರಬಿದ್ದ ದಿನವೆಲ್ಲ ಅವರು ಆ ಬೆಳಗಿನ ವರ್ಷದಲ್ಲೇ ಇರುತ್ತಿದ್ದರು. ಒಂದು ದಿನ ಸತ್ತು ಎಷ್ಟೋ ಕಾಲವಾದ ತಾಯಿಗೆ ಔಷಧ ತಂದರೋ ಇಲ್ಲವೋ ಎಂದು ಕೇಳುವರು. ಇನ್ನೊಂದು ದಿನ ಮಾರಿಹೋದ ಸ್ಕೂಟರಿನ ಕೀಲಿ ಹುಡುಕುವರು. ಕಸ್ತೂರಿ ಎಲ್ಲದಕ್ಕೂ ಆ ವರ್ಷದ ಉತ್ತರವನ್ನೇ ಕೊಡಲು ಕಲಿತಳು. "ಔಷಧ ಕೊಟ್ಟಾರಂತ್ರಿ." "ಕೀಲಿ ನಿಮ್ಮ ಮನಿಯಾಕಿ ಕಡೆ ಐತಂತ್ರಿ." ಬಾಯಿ ತುಂಬ 'ನಮ್ಮ ಕಸ್ತೂರಿ, ನಮ್ಮ ಕಸ್ತೂರಿ' ಎನ್ನುತ್ತಿದ್ದರು, ತನ್ನೆದುರಿಗೇ. ತನ್ನದೇ ಹರೆಯದ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು. ಅದನ್ನು ನಸ್ರೀನ್‌ಗೆ ಹೇಳಿ ಇಬ್ಬರೂ ನಕ್ಕರು.

ನಗು ನಿಂತದ್ದು ಮುಂದಿನ ಬೋಣಿಗಳನ್ನು ಆರಿಸಲು ಕೂತಾಗ. ಗದಗಿನ ಮನೆಯಲ್ಲಿ, ಮಧ್ಯಾಹ್ನ, ಬಳಿಗಾರರು ಪಡಸಾಲೆಯಲ್ಲಿ ಒರಗಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಒಂದು ಫೋಟೋ ತೆರೆದುಕೊಂಡಿತು. ಬಾಗಿಲಲ್ಲಿ ಕಸ್ತೂರಿ. ಏಳು ತಿಂಗಳ ಹೊಟ್ಟೆ. ಒಂದು ಕೈ ಚೌಕಟ್ಟನ್ನು ಹಿಡಿದಿತ್ತು.

ಅವತ್ತು ಅವಳು "ಇವತ್ತ ಹೋಗಬ್ಯಾಡ್ರಿ, ಹೊಟ್ಟಿ ಯಾಕೋ ಹಿಂಡಾಕತ್ತೈತಿ" ಎಂದಿದ್ದಳು. "ಮುಹೂರ್ತ ಮುಗಿಸಿ ಓಡಿ ಬರ್ತೀನಿ" ಎಂದು ಅವರು ಬೋಣಿ ಹೊಡೆದು ಹೋದರು. ಮದುವೆ ಮನೆಯವರು ಬಿಡಲಿಲ್ಲ, ಆರತಕ್ಷತೆಯೂ ಮುಗಿಯಲಿ ಎಂದರು. ಅವರು ದೀಪ ಹಚ್ಚುವ ಹೊತ್ತಿಗೆ ಬಂದಾಗ ಓಣಿಯ ಹೆಂಗಸರು ಅವಳನ್ನು ಆಸ್ಪತ್ರೆಗೆ ಒಯ್ದು, ಮಗು ಉಳಿಯದೆ ಹೋದ ಮೇಲೆ, ವಾಪಸು ತಂದು ಮಲಗಿಸಿದ್ದರು. ಅಣ್ಣ ಬಂದು ಅವಳನ್ನು ತವರಿಗೆ, ಹಿರೇಹಾಳಕ್ಕೆ, ಕರೆದುಕೊಂಡು ಹೋದ. ತವರಿಗೆ ಹೋದ ಹೆಂಡತಿಯನ್ನು ಗಂಡ ಬಂದು "ನಡಿ, ಮನಿಗೆ ಹೋಗೂಣು" ಎಂದು ಕರೆಯಬೇಕು. ಅದು ಪದ್ಧತಿ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಯಾರೂ ಬರಲಿಲ್ಲ. ಯುಗಾದಿಯ ಮುಂದೆ ಅವಳೇ ಅಣ್ಣನ ಗಾಡಿ ಹತ್ತಿ ಬಂದುಬಿಟ್ಟಳು. ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅದರ ಬಗ್ಗೆ ಇಬ್ಬರೂ ಮತ್ತೆಂದೂ ಮಾತಾಡಲಿಲ್ಲ. ಕರೆಯಲು ಬರಲಿಲ್ಲವೆಂಬ ಮುಳ್ಳು ಮಾತ್ರ ಅವಳೊಳಗೆ ಮುರಿದುಕೊಂಡು ಉಳಿದಿತ್ತು.

ಆ ತಿಂಗಳುಗಳ ಬೋಣಿಗಳೂ ಫೋಲ್ಡರಿನಲ್ಲಿದ್ದವು. ಅವಳು ತವರಿನಿಂದ ಬಂದ ಮೇಲೆ ಕ್ಯಾಮೆರಾದ ಕಾರ್ಡ್ ಖಾಲಿ ಮಾಡುವಾಗ ನೋಡದೆ ಎಸೆದವು. ಒಂದೊಂದಾಗಿ ತೆರೆದಳು. ನೀಲಿ ಬಾಗಿಲು, ಯಾರೂ ಇಲ್ಲ. ಮತ್ತೆ ಅದೇ ಬಾಗಿಲು, ಯಾರೂ ಇಲ್ಲ. ವಿವರ ತೋರಿಸು ಎಂದಳು. ಬೇರೆ ದಿನಗಳಲ್ಲಿ ಬೆಳಿಗ್ಗೆಗೆ ಒಂದೇ ಬೋಣಿ. ಈ ದಿನಗಳಲ್ಲಿ ಒಂದು ತೆಗೆದು, ಸ್ವಲ್ಪ ಹೊತ್ತಿಗೆ ಇನ್ನೊಂದು, ಮತ್ತೆ ಸ್ವಲ್ಪ ಹೊತ್ತಿಗೆ ಮತ್ತೊಂದು. ಅವರು ಬೀದಿಯಲ್ಲಿ ಆ ಖಾಲಿ ಬಾಗಿಲ ಮುಂದೆ ನಿಂತೇ ಇದ್ದರು. ಚಿತ್ರಗಳು ಒಂದೇ ಥರ ಇದ್ದುದರಿಂದ ಬರೀ ನೋಡಿದರೆ ಅದು ತಿಳಿಯುತ್ತಿರಲಿಲ್ಲ.

ಕೊನೆಯದು ಪೂರಾ ಕಪ್ಪು. ಲೆನ್ಸಿನ ಮುಚ್ಚಳ ತೆಗೆಯದೆ ಒತ್ತಿದಂತಿತ್ತು. ಬೆರಳು ರೂಢಿಯಂತೆ ಅಳಿಸಲು ಹೋಯಿತು. ತಡೆದು, ಅದರ ಜಾತಕವನ್ನೂ ತೆರೆದಳು. ಹೊತ್ತು, ಸೂರ್ಯ ಹುಟ್ಟುವುದಕ್ಕೂ ಬಹಳ ಮುಂಚಿನದು. ಶಟರು ತುಂಬ ಹೊತ್ತು ತೆರೆದುಕೊಂಡೇ ಇದ್ದರೂ ಬೆಳಕು ಸಾಲದೆ ಹೋದದ್ದು. ಆ ವರ್ಷ ಅವರು ಜಾಗ ಗುರುತಿಸುವ ಹೊಸ ಕ್ಯಾಮೆರಾ ಕೊಂಡಿದ್ದರು. ಜಾಗದ ಅಂಕಿಯ ಮೇಲೆ ಒತ್ತಿದಾಗ ನಕ್ಷೆ ತೆರೆದುಕೊಂಡು, ಕೆಂಪು ಗುರುತು ಗದಗನ್ನು ಬಿಟ್ಟು ದೂರ ಸರಿದು ಹೋಯಿತು. ಹಿರೇಹಾಳ. ಮಠದ ಹಿಂದಿನ ಓಣಿ. ಅವಳ ತವರಿನ ಬಾಗಿಲು.

ಕಸ್ತೂರಿ ಬಹಳ ಹೊತ್ತು ಆ ಕಪ್ಪನ್ನೇ ನೋಡುತ್ತ ಕೂತಳು. ಪಡಸಾಲೆಯಿಂದ "ಅಕ್ಕಾರ, ನೀರ ಕೊಡ್ತೀರೇನ್ರಿ?" ಎಂಬ ದನಿ ಬಂದಾಗಲೇ ಎದ್ದದ್ದು. ಲೋಟ ಕೊಟ್ಟು, ಅವರು ಕುಡಿದು ಮುಗಿಸುವವರೆಗೂ ಅಲ್ಲೇ ನಿಂತಳು.

"ಬ್ಯಾಡಾದ ಮುಂಜಾನಿ ತೆಗೀಬಹುದ್ರಿ" ಎಂದರು ನಸ್ರೀನ್, ಎಲ್ಲ ಕೇಳಿದ ಮೇಲೆ. "ಮಂದಿ ತಗಸ್ತಾರ. ಸಾವು, ಆಸ್ಪತ್ರಿ, ಜಗಳ ಎಲ್ಲಾ ಬಿಟ್ಟು ಬರೇ ಚಂದಂದ ಹಚ್ಚರಿ ಅಂತಾರ. ಗಂಟು ಒಂಚೂರು ಸಡಲ ಇರತೈತಿ, ಆದ್ರ ನಡೀತೈತಿ. ಮಗು ಹೋದ ದಿನ ಅವರಿಗೆ ಎಂದೂ ನೆನಪಾಗೂದಿಲ್ಲ. ಒಂದ ಗುಂಡಿ ಒತ್ತಿದ್ರ ಆತು. ನೀವ ಹೇಳಬೇಕು."

ಅಂಥ ಗುಂಡಿಗಳು ಕಸ್ತೂರಿಗೆ ಹೊಸವಲ್ಲ. ಆ ಒಂದು ದಿನ ಇಲ್ಲದ ಗಂಡ ಅವಳಿಗೆ ಆಸೆ ಹುಟ್ಟಿಸಿದ್ದೂ ಸುಳ್ಳಲ್ಲ. ತಪ್ಪಿನ ಭಾರವಿಲ್ಲದೆ, ನಗುತ್ತ, ಮುದುಕನಾಗಿ ಎದುರು ಕೂತಿರುವ ಗಂಡ. ಆದರೆ ಅದನ್ನು ಅಳಿಸಿದರೆ ಅದರ ಬೆನ್ನಿಗೇ ಬಂದ ಕಪ್ಪು ಫೋಟೋವೂ ಹೋಗುತ್ತದೆ. ಬಾಯಿ ಬಿಟ್ಟು ಒಂದು ಮಾತೂ ಆಡದ ಆ ಮನುಷ್ಯ ಅವಳಿಗಾಗಿ ಕತ್ತಲಲ್ಲಿ ಅಷ್ಟು ದೂರ ಬಂದದ್ದು ಅದೊಂದರಲ್ಲೇ ಇತ್ತು.

"ಎಲ್ಲಾ ಇರಲಿ ರೀ ಡಾಕ್ಟರ. ಹೆಂಗೈತಿ ಹಂಗ."

ಮೊದಲು ಹೊಟ್ಟೆ ಹೊತ್ತ ಹೆಂಗಸು ಬಾಗಿಲಲ್ಲಿ ಬಂದು ನಿಂತಳು. ಬಳಿಗಾರರ ಕೈಗಳು ರೂಢಿಯಂತೆ ಕಣ್ಣಿಗೇರಿದವು. ಬೆರಳು ಒತ್ತಲಿಲ್ಲ. ಕೈಗಳು ಹಾಗೇ ಕೆಳಗಿಳಿದು ತೊಡೆಯ ಮೇಲೆ ಬಿದ್ದವು. ಗಾಜಿನ ಹಿಂದೆ ಕಸ್ತೂರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಖಾಲಿ ಬಾಗಿಲುಗಳು ಒಂದಾದ ಮೇಲೊಂದು ಬಂದು ಹೋದವು. ಅವರು ಕತ್ತು ಚಾಚಿ ಒಳಗೆ ಯಾರಾದರೂ ಬಂದಾರೆಯೇ ಎಂದು ನೋಡುತ್ತಿದ್ದರು. ಆಮೇಲೆ ಕತ್ತಲಾಯಿತು. ಮಾಘದ ನಸುಕಿನ ಥಂಡಿ ಖೋಲಿಯೊಳಗೆ ಇಳಿಯಿತು. ನಸ್ರೀನ್‌ರ ಪರದೆಯ ಮೇಲೆ, ಕತ್ತಲಲ್ಲೂ ಕಾಣುವ ಕ್ಯಾಮೆರಾದಲ್ಲಿ, ಬಳಿಗಾರರು ಮಸುಕಾಗಿ ಕಾಣುತ್ತಿದ್ದರು.

ಅವರು ಕುರ್ಚಿಯಿಂದ ಎದ್ದು ನಿಂತರು. ತಲೆಯ ಪಟ್ಟಿ ಜಾರಿ ಬಿತ್ತು. ಮುಂದೆ ಹೋಗಿ ಬಲಗೈ ಎತ್ತಿದರು. ಬೆರಳು ಮಡಿಚಿ, ಬಾಗಿಲು ಬಡಿಯಲೆಂದು. ಕೈ ಅಲ್ಲಿಯೇ ನಿಂತಿತು. ಬಡಿಯಲಿಲ್ಲ. ಇಳಿಸಲೂ ಇಲ್ಲ.

"ದೀಪಾ ಹಚ್ಚತೀನಿ" ಎಂದು ನಸ್ರೀನ್ ಗುಂಡಿಗೆ ಕೈ ಹಾಕುವಷ್ಟರಲ್ಲಿ ಪಕ್ಕದಲ್ಲಿ ಕಸ್ತೂರಿ ಇರಲಿಲ್ಲ. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಅವಳು ಓಡಬಲ್ಲಳೆಂದು ಯಾರೂ ಅಂದುಕೊಂಡಿರಲಿಲ್ಲ. ಖೋಲಿಯ ಬಾಗಿಲನ್ನು ಅವಳು ಹೊರಗಿನಿಂದ ಎಳೆದು ತೆರೆದಳು.

ಕಾರಿಡಾರಿನ ಬೆಳಕು ಅವಳ ಬೆನ್ನ ಹಿಂದಿನಿಂದ ಒಳಗೆ ಬಿತ್ತು. ಎತ್ತಿದ ಕೈ ಎತ್ತಿದಂತೆಯೇ ಬಳಿಗಾರರು ಎದುರಿಗೆ ನಿಂತಿದ್ದರು. ಬಾಗಿಲಲ್ಲಿರುವ ಹೆಂಗಸನ್ನು ಮೇಲಿನಿಂದ ಕೆಳಗೆ ನೋಡಿದರು.

"ಕಸ್ತೂರಿ" ಎಂದರು. "ಎಚ್ಚರಿದ್ಯೇನ?"

"ಎಚ್ಚರಿದ್ದೆ ರೀ." ಎಂದಳು ಅವಳು. "ದಿನಾ ಎಚ್ಚರನ ಇರ್ತಿದ್ದೆ. ಬಡೀಬೇಕಿಲ್ಲೇನ್ರಿ ಬಾಗಲಾ?"

ಅವರು ಎತ್ತಿದ ಕೈಯನ್ನು ಆಗ ಇಳಿಸಿದರು. ಅವಳ ಹಣೆಯ ಮೇಲಿನ ಬಿಳಿ ಕೂದಲನ್ನು ಎರಡು ಬೆರಳಿನಲ್ಲಿ ಹಿಡಿದು, "ಕೂದಲಕ್ಕ ಬೆಳಕ ಬಾಳ ಬಿದ್ದೈತಿ" ಎಂದರು. ಆಮೇಲೆ ಅವಳ ಮುಂಗೈ ಹಿಡಿದುಕೊಂಡರು.

"ನಡಿ, ಮನಿಗೆ ಹೋಗೂಣು."

ಕಸ್ತೂರಿ ಕೈಚೀಲವನ್ನೂ ಮರೆತು ಅವರ ಹಿಂದೆ ನಡೆದಳು. ಅದನ್ನು ಎತ್ತಿಕೊಂಡು ನಸ್ರೀನ್ ಅವರ ಹಿಂದೆ ಗೇಟಿನವರೆಗೂ ಬಂದರು.